ಕ್ಷೇಮ ಸಮಾಚಾರ

(ಶ್ರಾವಣಮಾಸದ ಸಾಯಂಕಾಲದ ಪ್ರವಚನ, ಧ್ವನಿಮುದ್ರಣದಿಂದ ಬರೆದುಕೊಂಡದ್ದು)



ಈ ದಿನ ನಾವು ಬಂದು ಕುಳಿತ ಮೇಲೂ ಸಭೆಯಲ್ಲಿ ಮಾತು ನಿಂತಿರಲಿಲ್ಲ. ಸೇವೆಯ ಹುಡುಗರು ಎದ್ದು ನಿಂತು 'ಗದ್ದಲ ಮಾಡಬ್ಯಾಡ್ರಿ, ಪ್ರವಚನ ಚಾಲೂ ಆಗತೈತಿ' ಎಂದು ಹೇಳಹೋದರು. ನಾವೇ ಬೇಡವೆಂದು ಕೈಸನ್ನೆ ಮಾಡಿದೆವು. ಸ್ವಲ್ಪ ಹೊತ್ತು ಕಿವಿಗೊಟ್ಟು ಕುಳಿತೆವು. 'ನಿಮ್ಮ ಕಡೆ ಹೆಸರು ಕಾಯಿ ಹಿಡಿದೈತೇನು?' ಎಂದು ಒಬ್ಬರು. 'ಮಗಳದು ಹೆರಿಗಿ ಆತಂತಲ್ಲ, ತಾಯಿ ಮಗು ಆರಾಮ ಅದಾವಿಲ್ಲೋ?' ಎಂದು ಇನ್ನೊಬ್ಬರು. 'ಅಪ್ಪನ ಕಣ್ಣಿನ ಪೊರಿ ತೆಗಿಸಿದ್ರೇನು? ಈಗ ಕಾಣಸ್ತೈತೇನು?' ಎಂದು ಮತ್ತೊಬ್ಬರು. ಗಂಡಸರ ಸಾಲಿನಲ್ಲಿ ಯಾರೋ ಒಬ್ಬರು ಯಾರನ್ನೋ ತಬ್ಬಿಕೊಂಡು, 'ಏ ಮಾರಾಯ, ಜೀವಂತ ಅದೀಯಾ?' ಎಂದು ಜೋರಾಗಿ ನಕ್ಕರು. ಇಂದು ನಾವು ಹೇಳಬೇಕೆಂದು ತಂದ ವಿಷಯ ಬೇರೆ ಇತ್ತು. ಅದು ನಾಳೆಗೆ ಇರಲಿ. ನೀವು ಯಾವುದನ್ನು ಮಾತಾಡುತ್ತಿದ್ದಿರೋ ಅದನ್ನೇ ಇಂದು ಮಾತಾಡೋಣ.

ಇದೇನು, ಇದು ಹರಟೆಯಲ್ಲವೇ, ಮಠದಲ್ಲಿ ಇದಕ್ಕೇನು ಕೆಲಸ ಎಂದು ಹಿರಿಯರು ಕೆಲವರು ಮೂಗು ಮುರಿಯಬಹುದು. ನೋಡಿರಿ, ಹರಟೆ ಬೇರೆ, ಕ್ಷೇಮ ಕೇಳುವುದು ಬೇರೆ. ಬಸವಣ್ಣನವರ ಒಂದು ವಚನ ನಿಮ್ಮ ಮಕ್ಕಳಿಗೂ ಬಾಯಿಪಾಠ ಉಂಟು. ಅದನ್ನು ನಾವು ಇಲ್ಲಿ ಹೇಳಬೇಕಾಗಿಲ್ಲ. ಮನೆಬಾಗಿಲಿಗೆ ಬಂದವನನ್ನು ಮಾತಾಡಿಸದ ಗೃಹಸ್ಥನನ್ನು ಅದರಲ್ಲಿ ಅವರು ಎಷ್ಟು ಕಟುವಾಗಿ ಕೇಳಿದ್ದಾರೆಂಬುದು ನಿಮಗೆ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಒಂದು ರಾಜ್ಯದ ಭಂಡಾರದ ಹೊಣೆ ಹೊತ್ತ ಮನುಷ್ಯ, ಎಷ್ಟೋ ದೊಡ್ಡ ವಿಚಾರಗಳನ್ನು ತಲೆಯಲ್ಲಿ ತುಂಬಿಕೊಂಡ ಮನುಷ್ಯ, ಬಂದವರ ಹದುಳ ಕೇಳುವುದನ್ನು ಸಣ್ಣ ಕೆಲಸವೆಂದು ಬಗೆಯಲಿಲ್ಲ. 'ಹದುಳ' ಎಂಬ ಆ ಮಾತು ಈಗ ನಮ್ಮ ಬಾಯಿಂದ ಹೋಗಿಬಿಟ್ಟಿದೆ. ಕ್ಷೇಮ ಎಂದರೂ ಅದೇ, ನಮ್ಮ ಕಡೆ 'ಆರಾಮ' ಎಂದರೂ ಅದೇ. ಮಾತು ಹೋದರೆ ಹೋಗಲಿ. ಕೇಳುವುದೇ ಹೋಗಬಾರದು.

ಪಂಚಮಿ ಹಬ್ಬ ಮೊನ್ನೆ ಮೊನ್ನೆ ಮುಗಿಯಿತು. ಕೆಲವು ಮನೆಗಳಲ್ಲಿ ಜೋಕಾಲಿಯ ಹಗ್ಗ ಇನ್ನೂ ಬಿಚ್ಚಿರಲಿಕ್ಕಿಲ್ಲ. ಈ ಹಬ್ಬವನ್ನು ನಾವು ನಾಗಪ್ಪನಿಗೆ ಹಾಲೆರೆಯುವ ಹಬ್ಬವೆಂದು ಮಾತ್ರ ತಿಳಿದಿದ್ದೇವೆ. ಆದರೆ ನಮ್ಮ ಹಿರಿಯರು ಅದರೊಳಗೆ ಇನ್ನೊಂದನ್ನು ಬಹಳ ಜಾಣತನದಿಂದ ಇಟ್ಟಿದ್ದಾರೆ. ಗಂಡಸಿನ ಗೆಳೆತನ ಊರಲ್ಲಿಯೇ ಉಳಿಯುತ್ತದೆ. ಸಣ್ಣವನಿದ್ದಾಗ ಗೋಲಿ ಆಡಿದವನ ಜೊತೆಗೇ ಮುದುಕನಾದ ಮೇಲೂ ಅದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಾನೆ. ಹೆಣ್ಣುಮಗಳಿಗೆ ಆ ಭಾಗ್ಯ ಎಲ್ಲಿದೆ? ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನವೇ ಆಕೆಯ ಗೆಳೆತನಕ್ಕೆ ಕತ್ತರಿ. ಒಂದೇ ಓಣಿಯಲ್ಲಿ ಕೂಡಿ ಬೆಳೆದ ಆರು ಹುಡುಗಿಯರು ಆರು ಊರಿಗೆ ಹೋಗುತ್ತಾರೆ. ಅತ್ತೆಯ ಮನೆಯಲ್ಲಿ ಗಂಡನ ಗೆಳೆಯರು ಬಂದರೆ ಚಹಾ ಮಾಡಿ ಕೊಡುತ್ತಾಳೆ. ಆಕೆಯ ಗೆಳತಿ ಎಂದಾದರೂ ಆಕೆಯನ್ನು ಹುಡುಕಿಕೊಂಡು ಅಲ್ಲಿಗೆ ಬಂದದ್ದುಂಟೇ? 'ನಿನಗ ಗೆಳತ್ಯಾರು ಯಾರ ಅದಾರವ್ವಾ?' ಎಂದು ಆಕೆಯನ್ನು ಯಾರಾದರೂ ಕೇಳಿದ್ದುಂಟೇ?

ಅದಕ್ಕಾಗಿ ಪಂಚಮಿ. ವರ್ಷಕ್ಕೊಂದು ಸಲ ಅಣ್ಣನೋ ತಮ್ಮನೋ ಚಕ್ಕಡಿ ಹೂಡಿಕೊಂಡು ಕರೆಯಲು ಬರಲೇಬೇಕು, ಅತ್ತೆ ಕಳಿಸಲೇಬೇಕು. ಆರು ಊರಿಗೆ ಹೋದ ಆರೂ ಜನ ಅದೇ ವಾರ ಅದೇ ಓಣಿಗೆ ತಿರುಗಿ ಬರುತ್ತಾರೆ. ಹಬ್ಬದ ಮುಂಚಿನ ರೊಟ್ಟಿ ಪಂಚಮಿಯ ದಿನ ಈ ಮನೆಯ ರೊಟ್ಟಿ, ಪಲ್ಯ, ಚಟ್ನಿ ಆ ಮನೆಗೆ, ಆ ಮನೆಯದು ಈ ಮನೆಗೆ. ರೊಟ್ಟಿಯನ್ನು ಒಯ್ದು ಕೊಡುವವರು ಯಾರು? ತವರಿಗೆ ಬಂದ ಹೆಣ್ಣುಮಕ್ಕಳೇ. ರೊಟ್ಟಿ ಒಂದು ನೆವ, ಅಷ್ಟೇ. ಎಲ್ಲರ ಮನೆಯಲ್ಲಿಯೂ ರೊಟ್ಟಿ ಇದ್ದೇ ಇರುತ್ತದೆ. ಬಾಗಿಲಲ್ಲಿ ನಿಂತು ಬುಟ್ಟಿ ಇಳಿಸುವಷ್ಟರಲ್ಲಿ ವರ್ಷದ ಸಮಾಚಾರವೆಲ್ಲ ಆಗಿಹೋಗುತ್ತದೆ. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರಿಗೆ ಕುಬಸ ಮಾಡಿದರು, ಯಾರ ಅತ್ತೆ ತೀರಿಕೊಂಡರು, ಯಾರ ಗಂಡ ಕುಡಿಯುವುದನ್ನು ಬಿಟ್ಟ, ಯಾರವನು ಬಿಟ್ಟಿಲ್ಲ. ಮರುದಿನ ಜೋಕಾಲಿಯ ಹಲಗೆಯ ಮೇಲೆ ಇಬ್ಬರು ಎದುರುಬದುರು ನಿಂತು ಜೀಕುತ್ತಾರೆ. ಮುಖ ನೋಡದೆ ಗತ್ಯಂತರವೇ ಇಲ್ಲ! ತಾಯಿಗೆ ಹೇಳಲಾರದ್ದನ್ನು, ಅಣ್ಣನಿಗೆ ಹೇಳಬಾರದ್ದನ್ನು ಆಕೆ ಅಲ್ಲಿ ಗೆಳತಿಗೆ ಹೇಳುತ್ತಾಳೆ. ಎಷ್ಟೋ ಹೆಣ್ಣುಮಕ್ಕಳು ಮುಂದಿನ ವರ್ಷದ ತನಕ ಬದುಕನ್ನು ಸಾಗಿಸಿದ್ದು ಆ ನಾಲ್ಕು ದಿನದ ಮಾತಿನ ಬಲದಿಂದ.

ಈಗ ಚಕ್ಕಡಿ ಇಲ್ಲ, ಬಸ್ಸಿದೆ, ಕಾರಿದೆ. ಸರಕಾರದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟು ಇಲ್ಲದೆ ಹೋಗುವ ಅನುಕೂಲ 2023ರ ಜೂನ್ ತಿಂಗಳಿನಲ್ಲಿ ಬಂದಿತು. ದಾರಿ ಸಲೀಸಾಗಿದೆ. ಕರೆ ಮಾತ್ರ ಕಡಿಮೆಯಾಗಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು 2005ರ ತಿದ್ದುಪಡಿ ಕಾನೂನು ಹೇಳಿತು. ಅದು ನ್ಯಾಯವೇ, ನಾವು ಅದಕ್ಕೆ ಎರಡನೆಯ ಮಾತು ಆಡುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಏನಾಗಿದೆ? ನಾಲ್ಕು ಪಂಚಮಿಗೆ ಬಾರದ ಅಣ್ಣನ ಫೋನು, ಹಕ್ಕು ಬಿಟ್ಟುಕೊಟ್ಟೆನೆಂದು ಸಹಿ ಮಾಡಿಸುವ ದಿನ ಬರುತ್ತದೆ. 'ತಂಗೀ, ಆರಾಮ ಇದ್ದೀಯಾ? ಸೋಮವಾರ ಸಬ್ ರಜಿಸ್ಟ್ರಾರ ಆಫೀಸಿಗೆ ಬಂದು ಹೋಗು' ಎಂದು. ಅಂಥ ಆರಾಮವನ್ನು ಕೇಳದಿದ್ದರೂ ನಡೆಯುತ್ತಿತ್ತು. ಇಲ್ಲಿ ಅಣ್ಣಂದಿರು ಬಹಳ ಜನ ಕುಳಿತಿದ್ದೀರಿ. ತಲೆ ಕೆಳಗೆ ಮಾಡಬೇಡಿರಿ, ನಾವು ಯಾರ ಹೆಸರನ್ನೂ ಹೇಳುತ್ತಿಲ್ಲ.

ಊರಿನಿಂದ ದೂರ ಇದ್ದವರಿಗೆ ಆಗ ಪತ್ರವೇ ಗತಿ. ನಮ್ಮ ದೇಶದಲ್ಲಿ ಅಂಚೆ ಕಾರ್ಡು 1879ರ ಜುಲೈ ಒಂದನೆಯ ತಾರೀಖಿಗೆ ಬಂದಿತು. ಆಗ ಅದರ ಬೆಲೆ ಕಾಲಾಣೆ. ನಿಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ಪತ್ರದ ಒಕ್ಕಣೆ ನೆನಪಿರಬೇಕು. 'ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾವೆಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.' ಬರೆಯುವ ಹುಡುಗನಿಗೂ ಅದರ ಅರ್ಥ ಗೊತ್ತಿರುತ್ತಿರಲಿಲ್ಲ, ಬರೆಸುವ ಅಜ್ಜಿಗೂ ಗೊತ್ತಿರುತ್ತಿರಲಿಲ್ಲ. ಆದರೂ ಅದನ್ನು ಬರೆಯದೆ ವಿಷಯಕ್ಕೆ ಬರುವಂತಿಲ್ಲ. ಸಾಲ ಕೇಳುವ ಪತ್ರವಾದರೂ ಸರಿ, ಜಗಳದ ಪತ್ರವಾದರೂ ಸರಿ, ಮೊದಲು ನಿನ್ನ ಕ್ಷೇಮ. ಲಗ್ನದ ಪತ್ರವಾದರೆ ನಾಲ್ಕು ಮೂಲೆಗೆ ಅರಿಷಿಣ. ಸಾವಿನ ಪತ್ರವಾದರೆ 'ಓದಿ ಹರಿದುಬಿಡಿರಿ' ಎಂಬ ಸೂಚನೆ. ಅಂಚೆಯಣ್ಣ ಎಷ್ಟೋ ಮನೆಗಳಲ್ಲಿ ತಾನೇ ಓದಿ ಹೇಳಿ, ಉತ್ತರವನ್ನೂ ತಾನೇ ಬರೆದುಕೊಂಡು ಹೋಗುತ್ತಿದ್ದ. ಇನ್ನು ತಂತಿ ಬಂದಿತೆಂದರೆ ಓದುವುದಕ್ಕಿಂತ ಮೊದಲೇ ಅಳು ಆರಂಭ. ಮೊಮ್ಮಗ ಹುಟ್ಟಿದನೆಂಬ ತಂತಿಗೂ ಮೊದಲು ಅತ್ತು, ಆಮೇಲೆ ನಕ್ಕವರಿದ್ದಾರೆ! ಆ ತಂತಿಯೂ 2013ರ ಜುಲೈಯಲ್ಲಿ ನಿಂತುಹೋಯಿತು.

ಈಗ ಪ್ರತಿಯೊಬ್ಬರ ಕಿಸೆಯಲ್ಲಿ ಫೋನಿದೆ. ಅಮೇರಿಕದಲ್ಲಿದ್ದ ಮೊಮ್ಮಗನ ಮುಖ ಅಜ್ಜಿಗೆ ಅಡುಗೆಮನೆಯಲ್ಲಿ ಕಾಣಿಸುತ್ತದೆ. ಇದನ್ನು ನಾವು ಬೈಯುವವರಲ್ಲ, ಒಳ್ಳೆಯದಾಯಿತು ಎನ್ನುತ್ತೇವೆ. ಹಾಗಾದರೆ ಹಳೆಯ ಗೆಳೆಯರು ಏಕೆ ತಪ್ಪಿಹೋಗುತ್ತಾರೆ? ದ್ವೇಷದಿಂದಲೇ? ನೂರಕ್ಕೆ ತೊಂಬತ್ತು ಪಾಲು ದ್ವೇಷವಲ್ಲ. ನಾಚಿಕೆ. 'ಇಷ್ಟು ವರ್ಷ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಮಾತಾಡಿಸಲಿ? ಏನೋ ಕೆಲಸಕ್ಕೆ ಬಂದಾನ ಅಂದಾನು. ಅವನು ದೊಡ್ಡವನಾಗಿದ್ದಾನೆ, ನನ್ನನ್ನು ಗುರುತಿಸುತ್ತಾನೋ ಇಲ್ಲವೋ.' ಮೊದಲ ವರ್ಷ ಬಿಡುವಿಲ್ಲದೆ ಬಿಡುತ್ತೇವೆ. ಎರಡನೆಯ ವರ್ಷ ಮೊದಲ ವರ್ಷ ಬಿಟ್ಟೆವೆಂದು ಬಿಡುತ್ತೇವೆ. ಹತ್ತು ವರ್ಷವಾದ ಮೇಲೆ ಅದು ಗೋಡೆಯಾಗಿ ನಿಲ್ಲುತ್ತದೆ. ಆ ಗೋಡೆ ಕಟ್ಟಿದವರು ಯಾರೂ ಇಲ್ಲ, ತಾನಾಗಿ ಬೆಳೆದದ್ದು.

ಇದೇ ನಾಚಿಕೆಯ ಎರಡು ಕಥೆಗಳು ನಮ್ಮ ಪುರಾಣಗಳಲ್ಲಿವೆ. ಎರಡೂ ನಿಮಗೆ ಗೊತ್ತಿದ್ದವೇ. ಆದರೆ ಎರಡನ್ನೂ ಕೂಡಿಸಿ ಯಾರೂ ಹೇಳುವುದಿಲ್ಲ, ಇಂದು ಕೂಡಿಸಿ ನೋಡೋಣ.

ದ್ರೋಣ ಮತ್ತು ದ್ರುಪದ ಒಂದೇ ಆಶ್ರಮದಲ್ಲಿ ಕೂಡಿ ಕಲಿತವರು. ಕುಚೇಲ ಮತ್ತು ಕೃಷ್ಣ ಒಂದೇ ಆಶ್ರಮದಲ್ಲಿ ಕೂಡಿ ಕಲಿತವರು. ಅಲ್ಲಿ ದ್ರುಪದ ಅರಸನಾದ, ಇಲ್ಲಿ ಕೃಷ್ಣ ದ್ವಾರಕೆಯ ಒಡೆಯನಾದ. ದ್ರೋಣನ ಮನೆಯಲ್ಲಿ ಬಡತನ ಎಷ್ಟಿತ್ತೆಂದರೆ, ಹಾಲು ಕಾಣದ ಮಗು ಅಶ್ವತ್ಥಾಮನಿಗೆ ಓರಗೆಯ ಹುಡುಗರು ಹಿಟ್ಟು ಕಲಸಿದ ನೀರನ್ನು ಹಾಲೆಂದು ಕುಡಿಸಿದರು. ಕೂಸು ಅದನ್ನು ಹಾಲೇ ಎಂದು ಕುಡಿದು ಕುಣಿಯಿತು. ತಂದೆ ಅದನ್ನು ನೋಡಿದ. ಇನ್ನು ಸಾಕು, ಹಳೆಯ ಗೆಳೆಯನಿದ್ದಾನಲ್ಲ ಎಂದು ಪಾಂಚಾಲಕ್ಕೆ ಹೊರಟ. ಸಭೆಗೆ ಹೋಗಿ 'ಗೆಳೆಯಾ' ಎಂದ. ದ್ರುಪದನಿಗೆ ಆ ಒಂದು ಶಬ್ದ ಚುಚ್ಚಿತು. ಅರಸನಿಗೂ ದರಿದ್ರನಿಗೂ ಎಂಥ ಗೆಳೆತನ, ಹಿಂದೆ ಇದ್ದದ್ದು ಹಿಂದೆಯೇ ಹೋಯಿತು, ಎಂಬ ಅರ್ಥದ ಮಾತನ್ನಾಡಿದ. ಒಂದು ಸಲವಾದರೂ 'ಹೆಂಡತಿ ಮಕ್ಕಳು ಕ್ಷೇಮವೇ?' ಎಂದು ಕೇಳಿದ್ದರೆ ಹಿಟ್ಟಿನ ನೀರಿನ ಮಾತು ಹೊರಗೆ ಬರುತ್ತಿತ್ತು. ಒಂದು ಆಕಳನ್ನು ಹೊಡೆದುಕೊಟ್ಟು ಕಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯಲಿಲ್ಲ. ದ್ರೋಣ ಹಸ್ತಿನಾವತಿಗೆ ಬಂದ, ಶಿಷ್ಯರನ್ನು ತಯಾರು ಮಾಡಿದ, ಗುರುದಕ್ಷಿಣೆಯಾಗಿ ದ್ರುಪದನನ್ನು ಕಟ್ಟಿ ತರಿಸಿದ. ಅರ್ಧ ರಾಜ್ಯ ತಾನಿಟ್ಟುಕೊಂಡು ಅರ್ಧ ತಿರುಗಿ ಕೊಟ್ಟು, ಈಗ ನಾವಿಬ್ಬರೂ ಸಮಾನರು, ಈಗಲಾದರೂ ಗೆಳೆಯರಾಗಬಹುದಲ್ಲ ಎಂದ. ಅದು ಗೆಳೆತನವೇ? ದ್ರುಪದ ಯಜ್ಞ ಮಾಡಿ ದ್ರೋಣನನ್ನು ಕೊಲ್ಲುವ ಮಗನನ್ನು ಪಡೆದ. ಕುರುಕ್ಷೇತ್ರದ ಹದಿನೈದನೆಯ ದಿನ ದ್ರೋಣನ ಕೈಯಲ್ಲಿ ದ್ರುಪದ ಸತ್ತ. ಅದೇ ದಿನ ದ್ರುಪದನ ಮಗನ ಕೈಯಲ್ಲಿ ದ್ರೋಣ ಸತ್ತ. ಯುದ್ಧ ಮುಗಿದ ರಾತ್ರಿ, ಹಿಂದೊಮ್ಮೆ ಹಿಟ್ಟಿನ ನೀರು ಕುಡಿದ ಆ ಕೂಸು ಅಶ್ವತ್ಥಾಮ, ದ್ರುಪದನ ಮಗನನ್ನೂ ಐವರು ಮೊಮ್ಮಕ್ಕಳನ್ನೂ ಮಲಗಿದಲ್ಲಿಯೇ ಕೊಂದ. ಕೇಳದೆ ಬಿಟ್ಟ ಒಂದು ಮಾತು ಎಲ್ಲಿಯ ತನಕ ಹೋಯಿತು ನೋಡಿರಿ.

ಇನ್ನು ಕುಚೇಲ. ಅವನೂ ನಾಚಿಕೆಯಿಂದ ಮನೆಯಲ್ಲಿಯೇ ಕುಳಿತಿದ್ದವನು. ಹೊರಡಿಸಿದವಳು ಹೆಂಡತಿ. ಬರಿಗೈಯಲ್ಲಿ ಕಳಿಸಬಾರದೆಂದು ನೆರೆಮನೆಗಳಲ್ಲಿ ಬೇಡಿ ನಾಲ್ಕು ಮುಷ್ಟಿ ಅವಲಕ್ಕಿ ತಂದು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ನಮ್ಮ ತಾಯಂದಿರ ಕೆಲಸ ಯಾವಾಗಲೂ ಹೀಗೆಯೇ; ಗಂಡಸಿನ ಬಿಗುಮಾನವನ್ನು ಅವರೇ ಸಡಿಲಿಸಬೇಕು. ಅವಲಕ್ಕಿಯಿಂದ ಅರಮನೆ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಬಿಡಿರಿ. ಕೃಷ್ಣ ಮೊದಲು ಏನು ಮಾಡಿದ, ಏನು ಮಾತಾಡಿದ ಎಂಬುದನ್ನು ಭಾಗವತದ ಹತ್ತನೆಯ ಸ್ಕಂಧದಲ್ಲಿ ನೋಡಿರಿ. ಓಡಿಬಂದು ತಬ್ಬಿಕೊಂಡ, ಕಾಲು ತೊಳೆದ, ತನ್ನ ಮಂಚದ ಮೇಲೆಯೇ ಕೂಡ್ರಿಸಿದ. ಆಮೇಲೆ ಕೈ ಹಿಡಿದುಕೊಂಡು ಕೇಳಿದ್ದು: ಗುರುಗಳ ಮನೆಯಿಂದ ತಿರುಗಿ ಹೋದ ಮೇಲೆ ಮದುವೆ ಮಾಡಿಕೊಂಡೆಯೋ ಇಲ್ಲವೋ, ಅನುಕೂಲವಾದ ಹೆಂಡತಿ ಸಿಕ್ಕಳೋ ಇಲ್ಲವೋ! ಜಗತ್ತಿನ ಒಡೆಯ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು ಹಳೆಯ ನೆನಪು. ಗುರುಪತ್ನಿ ಕಟ್ಟಿಗೆ ತರಲು ಕಾಡಿಗೆ ಕಳಿಸಿದ್ದು, ಅಕಾಲದಲ್ಲಿ ಗಾಳಿ ಮಳೆ ಹೊಡೆದದ್ದು, ಕತ್ತಲಾಗಿ ತಗ್ಗು ದಿನ್ನೆ ತಿಳಿಯದೆ ಹುಡುಗರೆಲ್ಲ ಒಬ್ಬರ ಕೈ ಒಬ್ಬರು ಹಿಡಿದು ಅಲೆದದ್ದು, ಬೆಳಗಿನಲ್ಲಿ ಸಾಂದೀಪನಿ ಗುರುಗಳು ಹುಡುಕಿಕೊಂಡು ಬಂದದ್ದು. 'ಏಕೆ ಬಂದೆ?' ಎಂದು ಕೇಳಲಿಲ್ಲ. 'ಇಷ್ಟು ದಿನ ಏಕೆ ಬರಲಿಲ್ಲ?' ಎಂದೂ ಕೇಳಲಿಲ್ಲ. ಈ ಎರಡನೆಯದನ್ನು ಕೇಳದಿರುವುದು ಬಹಳ ಕಷ್ಟ. ನಾವು ಏನು ಮಾಡುತ್ತೇವೆ? ಇಪ್ಪತ್ತು ವರ್ಷದ ಮೇಲೆ ಗೆಳೆಯ ಫೋನು ಮಾಡಿದರೆ, 'ಓಹೋ, ಏನಪ್ಪಾ, ಇವತ್ತು ನೆನಪಾತೇನು? ದೊಡ್ಡವರಾದ್ರಿ ನೀವು' ಎಂದು ಚುಚ್ಚುತ್ತೇವೆ. ಪ್ರೀತಿಯಿಂದಲೇ ಚುಚ್ಚುತ್ತೇವೆ, ನಿಜ. ಆದರೆ ಎಷ್ಟು ದಿನ ಧೈರ್ಯ ಕೂಡಿಸಿ ಅವನು ಆ ನಂಬರನ್ನು ಒತ್ತಿದ್ದಾನೋ! ಆ ಒಂದು ಚುಚ್ಚುಮಾತಿಗೆ ಮತ್ತೆ ಹತ್ತು ವರ್ಷ ಸುಮ್ಮನಾಗುತ್ತಾನೆ.

ಈಗ ನಮ್ಮ ಕಡೆ ಊರೂರಿಗೆ 'ಗುರುವಂದನೆ ಮತ್ತು ಸ್ನೇಹ ಸಮ್ಮಿಲನ' ಎಂದು ನಡೆಯುತ್ತಿವೆ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಎಸ್.ಎಸ್.ಎಲ್.ಸಿ. ಕೂಡಿ ಕಲಿತವರು ಸೇರಿ ಹಳೆಯ ಮಾಸ್ತರರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ನಮ್ಮನ್ನೂ ಸಾನ್ನಿಧ್ಯಕ್ಕೆ ಕರೆಯುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಆದರೆ ನಾವು ಹೋದಲ್ಲೆಲ್ಲ ಒಂದು ಪ್ರಶ್ನೆಯನ್ನು ಕೇಳುತ್ತೇವೆ: 'ಯಾರು ಬಂದಿಲ್ಲ?' ಆಗ ಸಂಘಟಕರು ಮುಖ ಮುಖ ನೋಡುತ್ತಾರೆ. ಬರದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ನಂಬರು ಯಾರಲ್ಲಿಯೂ ಇಲ್ಲ. ಆಮೇಲೆ ನಪಾಸಾಗಿ ಶಾಲೆ ಬಿಟ್ಟವರು. ಅವರನ್ನು ಕರೆಯುವುದು ಹೇಗೆಂದು ಇವರಿಗೂ ಸಂಕೋಚ, ಬರುವುದು ಹೇಗೆಂದು ಅವರಿಗೂ ಸಂಕೋಚ.

ಒಂದು ಊರಿನಲ್ಲಿ ಹೀಗಾಯಿತು. ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಒಬ್ಬ ಹಳೆಯ ವಿದ್ಯಾರ್ಥಿ ಬಂದಿರಲಿಲ್ಲ. ಸಭೆ ನಡೆದ ಶಾಲೆಗೂ ಯಾರ್ಡಿಗೂ ಅರ್ಧ ಮೈಲಿ ಕೂಡ ಇಲ್ಲ. ನಾವು ಕೇಳಿದ ಮೇಲೆ, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಸ್ಟೇಜಿನಿಂದ ಇಳಿದು, ಯಾರದೋ ಮೋಟರ್ ಸೈಕಲ್ಲು ತೆಗೆದುಕೊಂಡು ಹೋಗಿ, ಅವನನ್ನು ಹಿಂದೆ ಕೂಡ್ರಿಸಿಕೊಂಡು ಬಂದರು. ಮೈಮೇಲಿನ ಧೂಳು ಝಾಡಿಸಿಕೊಂಡು ಅವನು ಕಡೆಯ ಸಾಲಿನಲ್ಲಿ ಕುಳಿತ. ಎಂಬತ್ತು ದಾಟಿದ ಕನ್ನಡ ಮಾಸ್ತರರು ಅವನನ್ನು ಗುರುತು ಹಿಡಿದರು. ಮೈಕಿನ ಮುಂದೆ ಬಂದು, ಹುದ್ದೆಯಲ್ಲಿದ್ದವರ ಹೆಸರನ್ನೆಲ್ಲ ಬಿಟ್ಟು, 'ಏ ಹುಡುಗಾ, ನಿಮ್ಮವ್ವ ದಿನಾ ಹನ್ನೆರಡಕ್ಕ ಬಿಸಿ ರೊಟ್ಟಿ ತಂದು ಗೇಟಿನಾಗ ನಿಂದರತಿದ್ದಳು. ಆರಾಮ ಅದಾಳೇನೋ?' ಎಂದರು. ಅವನು ಎದ್ದು ನಿಂತು, 'ಅದಾಳ್ರೀ ಸರ, ಈಗ ನಾನ ಆಕಿಗೆ ರೊಟ್ಟಿ ಮಾಡಿ ಕೊಡ್ತೀನ್ರೀ' ಎಂದ. ಆ ಸಭೆಯಲ್ಲಿ ಅಂದು ಆದ ಭಾಷಣಗಳಲ್ಲಿ ಇದಕ್ಕಿಂತ ದೊಡ್ಡ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ನಮ್ಮದನ್ನೂ ಹಿಡಿದು ಹೇಳುತ್ತೇವೆ.

ಮಾಸ್ತರರು ಕೇಳಿದ ಪ್ರಶ್ನೆಯ ಗುಣವನ್ನು ಗಮನಿಸಿರಿ. 'ಏನು ಕೆಲಸ ಮಾಡ್ತೀ?' ಎಂದು ಕೇಳಲಿಲ್ಲ. ಕ್ಷೇಮ ಕೇಳುವ ಹೆಸರಿನಲ್ಲಿ ಲೆಕ್ಕ ಕೇಳುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. 'ಮಗನಿಗೆ ಪಗಾರ ಎಷ್ಟು? ಮಗಳಿಗೆ ಇನ್ನೂ ಎಲ್ಲಿಯೂ ಕೂಡಿಬರಲಿಲ್ಲೇನು? ಲಗ್ನ ಆಗಿ ಐದು ವರ್ಷ ಆತಲ್ಲ, ಏನೂ ವಿಶೇಷ ಇಲ್ಲೇನು? ಎಕರೆಗೆ ಎಷ್ಟು ಬಂತು?' ಈ ಪ್ರಶ್ನೆಗಳಿಗೆ ಹೆದರಿ ಲಗ್ನಗಳಿಗೆ ಹೋಗುವುದನ್ನೇ ಬಿಟ್ಟ ತಾಯಂದಿರನ್ನು ನಾವು ಕಂಡಿದ್ದೇವೆ. ಕಾಯಿ ಕೊಟ್ಟು, ಅಕ್ಕಿಕಾಳು ಹಾಕಿ, ಊಟ ಮಾಡದೆ ಹಿಂದಿನ ಬಾಗಿಲಿನಿಂದ ಬಸ್ಸಿಗೆ ಹೋಗುತ್ತಾರೆ. ಕೇಳಿದವರಿಗೆ ಅದರ ಪರಿವೆಯೂ ಇರುವುದಿಲ್ಲ. ಅವರು ಮುಂದಿನವರ ಲೆಕ್ಕ ಕೇಳಲು ಹೋಗಿರುತ್ತಾರೆ. ಕೇಳುವುದಕ್ಕೂ ಒಂದು ಹದ ಉಂಟು. ಹೇಳುವಂಥದ್ದಿದ್ದರೆ ಅವರೇ ಹೇಳುತ್ತಾರೆ. 'ಆರಾಮ ಇದ್ದೀರಾ?' ಎಂದು ಕೇಳಿ, ಉತ್ತರ ಬರುವ ತನಕ ಅಲ್ಲಿಯೇ ನಿಂತರೆ ಸಾಕು.

ಇದನ್ನು ಈಗ ವೈದ್ಯರೂ ಹೇಳಹತ್ತಿದ್ದಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದವರು ಡಾಕ್ಟರ್ ವಿವೇಕ ಮೂರ್ತಿ. ಅಮೇರಿಕದ ಸರ್ಜನ್ ಜನರಲ್ ಎಂಬ ದೊಡ್ಡ ಹುದ್ದೆಯಲ್ಲಿದ್ದಾಗ 2023ರಲ್ಲಿ ಅವರು ಆ ದೇಶಕ್ಕೆ ಒಂದು ಎಚ್ಚರಿಕೆಯನ್ನು ಕೊಟ್ಟರು: ಬಳಗವಿಲ್ಲದ ಬದುಕು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟು ಆಯುಷ್ಯಕ್ಕೆ ಕೇಡು ಎಂದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತದೆ. ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ಸಂಬಂಧವಿದೆ. ಮೂರ್ತಿಯವರು ಆ ಆಯೋಗದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು. ಇನ್ನೊಂದು ಸಂಗತಿ ನಮಗೆ ಇದಕ್ಕಿಂತಲೂ ಹಿಡಿಸಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೆಗಿ ಲಿಯು ಎಂಬ ತಾಯಿ ಮತ್ತು ಅವರ ಸಂಗಡಿಗರು 5,900ಕ್ಕೂ ಹೆಚ್ಚು ಜನರಿಂದ ತಿಳಿದುಕೊಂಡು 2022ರಲ್ಲಿ ಪ್ರಕಟಿಸಿದ್ದು ಇಷ್ಟು: ಬಹಳ ದಿನ ಬಿಟ್ಟು ಮಾತಾಡಿಸಿದರೆ ಆ ಕಡೆಯವರಿಗೆ ಎಷ್ಟು ಸಂತೋಷವಾಗುತ್ತದೆಂಬುದನ್ನು ಮಾತಾಡಿಸುವವರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಎಷ್ಟು ಅನಿರೀಕ್ಷಿತವೋ ಅಷ್ಟು ಸಂತೋಷ ಹೆಚ್ಚು. ಕುಚೇಲನ ಹೆಂಡತಿಗೆ ಇದು ಯಾವ ವಿಶ್ವವಿದ್ಯಾಲಯವೂ ಇಲ್ಲದೆ ಗೊತ್ತಿತ್ತು!

ವಾಟ್ಸಾಪಿನಲ್ಲಿ ದಿನಾ ಮುಂಜಾನೆ ಹೂವಿನ ಚಿತ್ರ ಕಳಿಸುತ್ತೇವಲ್ಲ ಎನ್ನುತ್ತೀರಿ. ಕಳಿಸಿರಿ, ಬೇಡವೆನ್ನುವುದಿಲ್ಲ. ನಮಗೂ ಬರುತ್ತವೆ. ಇನ್ನೂರು ಜನರಿಗೆ ಒಂದೇ ಹೂವು ಹೋಗಿರುತ್ತದೆ. ಅದರಲ್ಲಿ 'ನಿನ್ನ ಮೊಣಕಾಲು ನೋವು ಹ್ಯಾಂಗೈತಿ?' ಎಂಬುದು ಇರುವುದಿಲ್ಲ.

ಇನ್ನು ಕೆಲವರು ಕೇಳುತ್ತಾರೆ, 'ಅಜ್ಜಾರ, ಗೆಳತಿಯ ಯಜಮಾನರು ತೀರಿಕೊಂಡು ಎರಡು ವರ್ಷ ಆಗಿತ್ತು, ನನಗ ಗೊತ್ತ ಆಗಲಿಲ್ಲ. ಈಗ ಹೋದರ ಹಳೇ ಗಾಯ ಕೆದರಿದಾಂಗ ಆಗೂದಿಲ್ಲೇನ್ರೀ?' ಹೋದ ವರ್ಷ ಜಾತ್ರೆಯಲ್ಲಿ ನಮ್ಮ ದಾಸೋಹದ ಮನೆಯಲ್ಲಿಯೇ ಇದು ನಡೆಯಿತು. ಇಬ್ಬರು ತಾಯಂದಿರು ಪ್ರಸಾದಕ್ಕೆ ಪಂಕ್ತಿಯಲ್ಲಿ ಪಕ್ಕಪಕ್ಕ ಕುಳಿತರು. ಅಂಬಲಿ ಬಡಿಸುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಓಣಿಯವರು, ಒಂದೇ ಜೋಕಾಲಿಯಲ್ಲಿ ಜೀಕಿದವರು, ಮೂವತ್ತು ವರ್ಷಕ್ಕೂ ಮೇಲಾಗಿ ಭೆಟ್ಟಿಯಿಲ್ಲ. ಒಬ್ಬಾಕೆ ಸಂತೋಷದಲ್ಲಿ, 'ನಿಮ್ಮನಿಯವರು ಎಲ್ಲೇ, ಗಂಡಸರ ಸಾಲಿನಾಗ ಕುಂತಾರೇನು?' ಎಂದು ಕೇಳಿಬಿಟ್ಟಳು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಆಕೆ ಅಳಹತ್ತಿದಳು. ಕೇಳಿದಾಕೆಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಂತಾಯಿತು. ಬಡಿಸುವ ಹುಡುಗರು ಗಾಬರಿಯಾಗಿ ಇಬ್ಬರನ್ನೂ ನಮ್ಮಲ್ಲಿಗೆ ಕರೆದುಕೊಂಡು ಬಂದರು. 'ನಾ ಕೇಳಬಾರದ್ದ ಕೇಳಿದೆನ್ರೀ ಅಜ್ಜಾರ' ಎಂದು ಈಕೆ. ಆಗ ಆ ತಾಯಿ ಕಣ್ಣೊರೆಸಿಕೊಂಡು ಹೇಳಿದ ಮಾತನ್ನು ಹಾಗೆಯೇ ಹೇಳುತ್ತೇವೆ: 'ಇಲ್ರೀ ಅಜ್ಜಾರ, ಮೂರು ವರ್ಷ ಆತು, ಮನ್ಯಾಗ ಎಲ್ಲಾರೂ ಅವರ ಹೆಸರ ತೆಗಿಯೂದ ಬಿಟ್ಟಾರ, ನಾ ಅತ್ತೇನು ಅಂತ. ಇಕಿ ಒಬ್ಬಾಕಿ ಅವರು ಇದ್ದಾಂಗ ಕೇಳಿದಳು.' ಆಮೇಲೆ ಇಬ್ಬರೂ ಹೋಗಿ ಮತ್ತೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ತೆಗೆದುಕೊಂಡರು. ಸಂಜೆಯ ಬಸ್ಸಿನ ತನಕ ಗಿಡದ ಕೆಳಗೆ ಮಾತಾಡುತ್ತ ಕುಳಿತಿದ್ದರು. ತಡವಾಯಿತೆಂದು ಬಿಡಬೇಡಿರಿ; ಹೋಗಿರಿ.

ವಿಜಯದಶಮಿ ಬಹಳ ದೂರವಿಲ್ಲ. 'ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ' ಎಂದು ಎಲೆ ಕೊಟ್ಟರೆ ಅಂದು ಯಾರೂ ಏಕೆ ಬಂದೆ ಎಂದು ಕೇಳುವಂತಿಲ್ಲ. ಮಾತು ಬಿಟ್ಟವರಿಗಾಗಿಯೇ ಹಿರಿಯರು ಇಟ್ಟ ದಿನ ಅದು. ಗೋಡೆ ಎತ್ತರವಾಗಿದ್ದವರು ಆ ದಿನವನ್ನು ಹಿಡಿಯಿರಿ. ಅಷ್ಟು ದಿನ ಕಾಯಲಾರದವರಿಗೆ ಫೋನು ಇದೆ. ಫೋನಿನಲ್ಲಿ ಮಾತು ಹೊರಡದವರಿಗಾಗಿ ಮಠದ ಕಚೇರಿಯಲ್ಲಿ ಒಂದು ಕಟ್ಟು ಅಂಚೆ ಕಾರ್ಡು ತರಿಸಿ ಇಟ್ಟಿದ್ದೇವೆ. ಇನ್ನೂ ಸಿಗುತ್ತವೆ. ಬರೆಯಲು ಬಾರದವರಿಗೆ ಪ್ರಸಾದ ನಿಲಯದ ಹುಡುಗರು ಬರೆದುಕೊಡುತ್ತಾರೆ. ಅವರಿಗೂ ಒಂದು ಅಭ್ಯಾಸವಾಗುತ್ತದೆ, ಅವರ ಅಕ್ಷರವೂ ಸುಧಾರಿಸುತ್ತದೆ. ಬಹಳ ಬರೆಸಬೇಡಿರಿ, ಕ್ಷಮೆ ಗಿಮೆ ಎಂದು ಕಾರಣಗಳನ್ನು ಹುಡುಕುತ್ತ ಕೂಡ್ರಬೇಡಿರಿ. ನಾವು ಆರಾಮ, ನೀವು ಹ್ಯಾಂಗಿದ್ದೀರಿ, ಇಂಥದು ನೆನಪಾಯಿತು, ಇಷ್ಟು ಸಾಕು. ಪಿನ್ ಕೋಡು ಗೊತ್ತಿಲ್ಲದವರು ನಮ್ಮ ಅಂಚೆಯಣ್ಣನವರನ್ನು ಕೇಳಿರಿ, ಅವರು ಆ ಎರಡನೆಯ ಕಂಬದ ಹತ್ತಿರ ಕುಳಿತಿದ್ದಾರೆ. ಪ್ರಸಾದ ಸಿದ್ಧವಾಗಿದೆಯೆಂದು ಹುಡುಗರು ಸನ್ನೆ ಮಾಡುತ್ತಿದ್ದಾರೆ. ನಿಲ್ಲಿಸಿದ್ದ ಮಾತನ್ನು ಅಲ್ಲಿ ಮುಂದುವರಿಸಿರಿ.